ಕಬ್ಬಿಣ ಕಬ್ಬಿಣವಾಗಿಯೇ ಇರಲಿ

ವೆಲ್ಡಿಂಗ್ ಕಲಿತಾಯಿತು, ಇನ್ನು ಗುಜರಿಯಲ್ಲಿ ಶಿಲ್ಪ ಮಾಡುತ್ತೇನೆ ಎಂದು ಹೊರಟಿದ್ದೀಯಲ್ಲ ತಮ್ಮಾ, ಬಹಳ ಸಂತೋಷ. ಒಂದು ಮಾತು ಕೇಳಿಸಿಕೋ. ಚೈನು, ಬೇರಿಂಗು ಕೈಗೆ ಸಿಕ್ಕ ಕೂಡಲೇ ನವಿಲನ್ನೋ ಕುದುರೆಯನ್ನೋ ಮಾಡಲು ಹೋಗಬೇಡ. ನೋಡಿದವರು ‘ಓ, ನವಿಲು’ ಎಂದು ಮುಂದೆ ನಡೆಯುತ್ತಾರೆ. ಆ ಚೈನು ಯಾರ ತೋಟದಲ್ಲಿ, ಯಾವ ಯಂತ್ರದಲ್ಲಿ ದುಡಿದು ಸವೆಯಿತು ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಇಂಥ ಸಾಮಾನಿಗೆ ಬರವಿಲ್ಲ. ಅಡಿಕೆ ಸುಲಿಯುವ ಯಂತ್ರದ ಬಿಡಿಭಾಗ, ಕೊಳೆರೋಗಕ್ಕೆ ಔಷಧಿ ಹೊಡೆದ ಪಂಪು, ಅಕ್ಕಿ ಗಿರಣಿಯ ಗಾಲಿ, ಎಲ್ಲವೂ ಕೊಟ್ಟಿಗೆಯ ಮೂಲೆಯಲ್ಲಿ ಸಿಗುತ್ತವೆ. ಆಲೆಮನೆಯ ಹಳೆಯ ಗಾಣ ಸಿಕ್ಕರೆ ಹತ್ತಿರ ಕುಳಿತು ನೋಡು. ಉರುಳೆಯ ನಡುಭಾಗ ಕಬ್ಬು ಅರೆದು ಅರೆದು ನುಣುಪಾಗಿದೆ, ಅಂಚಿನ ಗೀರುಗಳು ಇನ್ನೂ ಚೂಪಾಗಿವೆ. ಹಲ್ಲುಚಕ್ರ ಒಂದೇ ದಿಕ್ಕಿಗೆ ತಿರುಗಿದ್ದರಿಂದ ಪ್ರತಿ ಹಲ್ಲೂ ಒಂದೇ ಬದಿಗೆ ಸವೆದಿದೆ. ಅರ್ಧ ಶಿಲ್ಪ ಅಲ್ಲೇ ಆಗಿಹೋಗಿದೆ. ಗ್ರೈಂಡರ್ ಹಿಡಿದು ಅದನ್ನು ಉಜ್ಜಿ, ಮೇಲೆ ಬಂಗಾರದ ಬಣ್ಣ ಬಳಿದರೆ ಉಳಿಯುವುದೇನು?

ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡರ ಕೃತಿಗಳನ್ನು ಹುಡುಕಿ ನೋಡು. ರಸ್ತೆ ಕೆಲಸದವರು ಖಾಲಿ ಡಾಂಬರು ಡ್ರಮ್ಮುಗಳನ್ನು ತಟ್ಟಿ ತಗಡು ಮಾಡಿ ಗುಡಾರ ಕಟ್ಟಿಕೊಳ್ಳುತ್ತಾರಲ್ಲ, ಅದೇ ಡ್ರಮ್ಮು, ಅದೇ ತಗಡಿನಿಂದ ಅವರು 2006ರಲ್ಲಿ ‘ಡಾರ್ಕ್‌ರೂಮ್’ ಕಟ್ಟಿದರು. ಬಗ್ಗಿ ಒಳಗೆ ನುಸುಳಬೇಕು. ಒಳಗೆ ಕತ್ತಲೆ, ಚಾವಣಿಯ ಸಣ್ಣ ತೂತುಗಳಿಂದ ಇಳಿಯುವ ಬೆಳಕು ನಕ್ಷತ್ರಗಳಂತೆ ಕಾಣುತ್ತದೆ. ಡ್ರಮ್ಮು ಮಾತ್ರ ಡ್ರಮ್ಮಾಗಿಯೇ ಇದೆ. ಅಮೆರಿಕದ ಶಿಲ್ಪಿ ಡೇವಿಡ್ ಸ್ಮಿತ್ ಕೂಡ ನಿನ್ನ ಹಾಗೆಯೇ, ಕಾರು ಕಾರ್ಖಾನೆಯಲ್ಲಿ ದುಡಿದು ವೆಲ್ಡಿಂಗ್ ಕಲಿತವರು. 1962ರಲ್ಲಿ ಇಟಲಿಯ ವೋಲ್ತ್ರಿಯಲ್ಲಿ, ಮುಚ್ಚಿದ ಕಾರ್ಖಾನೆಗಳಲ್ಲಿ ಬಿದ್ದಿದ್ದ ಇಕ್ಕಳ, ಗಾಲಿ, ತಗಡುಗಳಿಂದ 30 ದಿನಗಳಲ್ಲಿ 27 ಶಿಲ್ಪ ಮಾಡಿದರು.

ಕೆಲಸದ ವಿಷಯದಲ್ಲಿ ಅವಸರ ಬೇಡ. ಗಾಣದ ಉರುಳೆ, ಚಕ್ರಗಳು ಸಾಮಾನ್ಯವಾಗಿ ಬೀಡುಕಬ್ಬಿಣದವು. ಮಾಮೂಲಿ ರಾಡಿನಿಂದ ಬೆಸೆದರೆ ಆರುವಾಗ ಬಿರುಕು ಬಿಡುತ್ತವೆ. ನಿಕ್ಕಲ್ ರಾಡು ಬೇಕು, ಮೊದಲೇ ಕಾಯಿಸಿಕೊಳ್ಳಬೇಕು. ಅದಕ್ಕಿಂತ ಬೋಲ್ಟ್ ಹಾಕಿ ಬಿಗಿಯುವುದೇ ಮೇಲು. ಸತು ಲೇಪಿಸಿದ ತಗಡಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಲೇಪ ತೆಗೆದು, ಗಾಳಿಯಾಡುವ ಕಡೆ ಕೆಲಸ ಮಾಡು. ಪೆಟ್ರೋಲ್ ಟ್ಯಾಂಕು ಖಾಲಿ ಇದ್ದರೂ ಕಿಡಿ ತಾಗಿಸಬೇಡ, ಸಿಡಿಯುತ್ತದೆ. ಇನ್ನು ನಮ್ಮ ಮಳೆಯ ಬಗ್ಗೆ ನಿನಗೇನು ಹೇಳುವುದು. ನೀರು ನಿಲ್ಲುವ ಗುಳಿ ಎಲ್ಲಿದ್ದರೂ ಅಡಿಯಲ್ಲಿ ತೂತು ಕೊರೆ, ಇಲ್ಲವಾದರೆ ನಾಲ್ಕು ಮಳೆಗಾಲದಲ್ಲಿ ಬುಡವೇ ಕಳಚುತ್ತದೆ.

ಊರಿನವರು ‘ಇದೆಂತದು?’ ಎಂದು ಕೇಳಿಯೇ ಕೇಳುತ್ತಾರೆ. ಗುಡಿಗಾರರ ಗಂಧದ ಕೆತ್ತನೆ, ಮಾರಿಕಾಂಬೆಯ ಮೂರ್ತಿ ನೋಡಿ ಬೆಳೆದ ಕಣ್ಣುಗಳು ಅವು; ಮುಖ ಹುಡುಕುವುದು ಸಹಜ. ಬೇಸರಿಸಿಕೊಳ್ಳಬೇಡ, ಕಲೆಯ ಪಾಠವನ್ನೂ ಒಪ್ಪಿಸಬೇಡ. ಇದು ಇಂಥವರ ಮನೆಯ ಗಾಣ, ಇಲ್ಲಿ ಸವೆದಿದೆ ನೋಡಿ ಎಂದು ಕೈಯಿಟ್ಟು ತೋರಿಸು. ಗಾಣ ತಿರುಗಿಸಿದ ಹಿರಿಯರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಮೊದಲ ಶಿಲ್ಪವನ್ನು ಬೆಂಗಳೂರಿನ ಗ್ಯಾಲರಿಗೆ ಸಾಗಿಸುವ ಯೋಚನೆ ಸದ್ಯಕ್ಕೆ ಬಿಡು. ಆ ಗಾಣ ಕೊಟ್ಟ ಮನೆಯವರನ್ನು ಕೇಳಿ, ಅವರ ಅಂಗಳದಲ್ಲೇ ಒಂದು ವರ್ಷ ನಿಲ್ಲಿಸು.