ಬಿ.ಜಿ. ಕೆರೆಯ ಶೇಂಗಾ, ಐಜ್ವಾಲ್‌ನ ಕೋಚ್: ಸಣ್ಣ ಕ್ಲಬ್ಬಿನ ಮ್ಯಾನೇಜರ್‌ಗೆ ಮಾರ್ಕ್ಸ್ ಕೊಡೋದು ಹೇಗೆ?

ಹಾಸ್ಟೆಲ್ ಟಿವಿ ರೂಮಿನ ನಿಯಮ ಎಲ್ಲರಿಗೂ ಗೊತ್ತು: ಗೆದ್ದರೆ ಸ್ಟ್ರೈಕರ್ ಕಾರಣ, ಸೋತರೆ ಕೋಚ್ ಕಾರಣ. ಎರಡು ಮ್ಯಾಚ್ ಸೋತರೆ ಸಾಕು, "ತೆಗೀರಿ ಅವನನ್ನ" ಅಂತ ಶುರು. ಆದರೆ ಕೈಯಲ್ಲಿ ದುಡ್ಡೇ ಇಲ್ಲದ ಕ್ಲಬ್ಬಿನ ಕೋಚನ್ನು ಬರೀ ಪಾಯಿಂಟ್ಸ್ ಟೇಬಲ್ ನೋಡಿ ಅಳೆಯೋದು ಸರಿಯಾ? ಹಂತ ಹಂತವಾಗಿ ಬಿಡಿಸಿ ನೋಡೋಣ.

ಹಂತ 1: ಇನ್‌ಪುಟ್ ಎಷ್ಟು?

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದರೆ ಮೊಳಕಾಲ್ಮುರು ತಾಲ್ಲೂಕಿನ ಬಿ.ಜಿ. ಕೆರೆ ಸಿಗುತ್ತೆ. ರಾಜ್ಯದಲ್ಲೇ ಕಡಿಮೆ ಮಳೆಯ ಸೀಮೆ. ಮುಗಿಲು ನೋಡಿಕೊಂಡು ಶೇಂಗಾ ಬಿತ್ತುವ ಹೊಲಗಳು. ಇಲ್ಲಿನ ರೈತನ ಎಕರೆ ಆದಾಯವನ್ನು ಕಾಲುವೆ ನೀರಿನ ರೈತನ ಆದಾಯದ ಪಕ್ಕ ಇಟ್ಟು "ಇವನಿಗೆ ಬೇಸಾಯ ಬರಲ್ಲ" ಅಂದರೆ ಊರವರು ನಗ್ತಾರೆ. ಅವರು ಕೇಳೋದೇ ಬೇರೆ: ಅದೇ ಮಳೆಗೆ, ಅದೇ ಮಣ್ಣಲ್ಲಿ ಪಕ್ಕದ ಹೊಲದವನು ಎಷ್ಟು ಬೆಳೆದ?

ಫುಟ್‌ಬಾಲಿನಲ್ಲಿ ಮಳೆ ಅಂದರೆ ಆಟಗಾರರ ಸಂಬಳದ ಬಿಲ್. ಯುರೋಪಿನ ಲೀಗ್‌ಗಳಲ್ಲಿ ಹಲವು ವರ್ಷಗಳ ಲೆಕ್ಕ ತೆಗೆದರೆ ಸಂಬಳದ ಮೊತ್ತಕ್ಕೂ ಟೇಬಲ್ಲಿನ ಸ್ಥಾನಕ್ಕೂ ಗಟ್ಟಿ ಸಂಬಂಧ ಕಾಣುತ್ತೆ. ಹಾಗಾಗಿ ಸರಳ ಸೂತ್ರ: ಸಂಬಳದ ರ್‍ಯಾಂಕಿನಿಂದ ಟೇಬಲ್ ರ್‍ಯಾಂಕ್ ಕಳೆಯಿರಿ. ಸಂಬಳದಲ್ಲಿ 10ನೆಯ ತಂಡ 7ನೆಯದಾಗಿ ಮುಗಿಸಿದರೆ +3. 2ನೆಯದು 4ಕ್ಕೆ ಇಳಿದರೆ -2. ಟೇಬಲ್ಲಿನಲ್ಲಿ ಮೇಲಿರೋದು ಎರಡನೆಯದು. ಕೆಲಸ ಹೆಚ್ಚು ಮಾಡಿರೋದು ಬಹುಶಃ ಮೊದಲನೆಯದರ ಕೋಚ್.

ಹಂತ 2: ಒಂದನ್ನು ಬದಲಿಸಿ ನೋಡಿ

ನಮ್ಮ ದೇಶದ್ದೇ ಉದಾಹರಣೆ ಖಾಲಿದ್ ಜಮೀಲ್. 2009ರಿಂದ 2016ರವರೆಗೆ ಸಣ್ಣ ಬಜೆಟ್ಟಿನ ಮುಂಬೈ ಎಫ್‌ಸಿಯನ್ನು ಐ-ಲೀಗ್‌ನಲ್ಲಿ ಉಳಿಸಿಕೊಂಡು ಬಂದರು. ಕಪ್ ಇಲ್ಲ, ಆದ್ದರಿಂದ ಹೆಸರೂ ಹೆಚ್ಚಿಲ್ಲ. ನಂತರ ಮಿಜೋರಾಂನ ಐಜ್ವಾಲ್ ಎಫ್‌ಸಿಗೆ ಹೋದರು. ಆ ತಂಡ ಹಿಂದಿನ ಸೀಸನ್ನಿನಲ್ಲಿ ಕೆಳದರ್ಜೆಗೆ ಇಳಿದು, ಗೋವಾದ ಕ್ಲಬ್‌ಗಳು ಹಿಂದೆ ಸರಿದಿದ್ದರಿಂದ ಮತ್ತೆ ಒಳಗೆ ಬಂದಿತ್ತು. 2016-17ರಲ್ಲಿ ಅದೇ ತಂಡ 18 ಪಂದ್ಯಗಳಲ್ಲಿ 37 ಅಂಕ ಗಳಿಸಿ ಚಾಂಪಿಯನ್. ಮೋಹನ್ ಬಗಾನ್ 36. ಅದೇ ಸೀಸನ್ನಿನಲ್ಲಿ ಮುಂಬೈ ಎಫ್‌ಸಿ ಕೊನೆಯ ಸ್ಥಾನ ಪಡೆದು ಕೆಳಗಿಳಿಯಿತು.

ಒಂದೇ ಸೀಸನ್ ಪುರಾವೆ ಆಗಲ್ಲ, ಆಟಗಾರರೂ ಬದಲಾಗಿರ್ತಾರೆ. ಆದರೂ "ಬರೀ ಉಳಿಸಿಕೊಂಡ" ಆ ಏಳು ವರ್ಷಗಳ ಬೆಲೆ ಅವರು ಹೋದ ಮೇಲೆ ಕಾಣಿಸಿತು.

ಹಂತ 3: ನಾಯ್ಸ್ ತೆಗೆಯಿರಿ

2015ರ ಮೇ 31, ಕಂಠೀರವ ಕ್ರೀಡಾಂಗಣ. ಗೆದ್ದರೆ ಬೆಂಗಳೂರು ಎಫ್‌ಸಿಗೆ ಐ-ಲೀಗ್. 1-0 ಮುನ್ನಡೆ ಇತ್ತು. ಇನ್ನೇನು ಮುಗಿಯಿತು ಅನ್ನುವಾಗ ಮೋಹನ್ ಬಗಾನ್‌ನ ಬೆಲ್ಲೊ ರಜಾಕ್ ಗೋಲು ಹೊಡೆದರು. 1-1, ಕಪ್ ಕೋಲ್ಕತ್ತಕ್ಕೆ. ಆ ಒಂದು ಗೋಲಿನಿಂದ ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಇಡೀ ಸೀಸನ್ ಮಾಡಿದ ಕೆಲಸ ಕೆಟ್ಟದ್ದಾಯಿತಾ? ಇಲ್ಲ. ಅದಕ್ಕೇ ಗೋಲಿಗಿಂತ, ತಂಡ ಸೃಷ್ಟಿಸಿದ ಮತ್ತು ಬಿಟ್ಟುಕೊಟ್ಟ ಅವಕಾಶಗಳ ಗುಣಮಟ್ಟ ನೋಡಬೇಕು. 'ಎಕ್ಸ್‌ಜಿ' ಅನ್ನೋ ಲೆಕ್ಕ ಹುಟ್ಟಿದ್ದೇ ಇದಕ್ಕೆ.

ಹಂತ 4: ಸ್ಯಾಂಪಲ್ ಸಾಕಾ?

ನಾಯ್ಸ್ ಎರಡೂ ಕಡೆ ಮೋಸ ಮಾಡುತ್ತೆ. 2020-21ರಲ್ಲಿ ಜಮೀಲ್ ಸೀಸನ್ ಮಧ್ಯೆ ನಾರ್ತ್‌ಈಸ್ಟ್ ಯುನೈಟೆಡ್ ವಹಿಸಿಕೊಂಡು ಸೋಲೇ ಇಲ್ಲದೆ ಪ್ಲೇಆಫ್‌ಗೆ ಒಯ್ದರು. ಮರುವರ್ಷ ಅದೇ ಕೋಚ್, ಅದೇ ಕ್ಲಬ್: 11 ತಂಡಗಳಲ್ಲಿ 10ನೆಯ ಸ್ಥಾನ. ಮೊದಲನೆಯದನ್ನೇ ನೋಡಿದವರಿಗೆ ಮಾಂತ್ರಿಕ, ಎರಡನೆಯದನ್ನೇ ನೋಡಿದವರಿಗೆ ದಂಡ. ಎರಡೂ ಅರ್ಧ ಸತ್ಯ. 2025ರಲ್ಲಿ ಅವರೇ ಭಾರತ ತಂಡದ ಕೋಚ್ ಆದರು. ಆಯ್ಕೆ ಮಾಡಿದವರು ಒಂದೇ ಸೀಸನ್ ನೋಡಿ ನಿರ್ಧರಿಸಿರಲ್ಲ.

ಹಂತ 5: ಗುರಿ ಏನಿತ್ತು?

ಸಣ್ಣ ಕ್ಲಬ್ಬಿಗೆ ಕಪ್ಪೇ ಗುರಿ ಆಗಿರಬೇಕಿಲ್ಲ. ಲೀಗ್‌ನಲ್ಲಿ ಉಳಿಯೋದು, ಹುಡುಗರನ್ನ ಬೆಳೆಸೋದು, ಅವರನ್ನ ಒಳ್ಳೆ ಬೆಲೆಗೆ ದೊಡ್ಡ ಕ್ಲಬ್ಬಿಗೆ ಕಳಿಸೋದು, ಇವೂ ಫಲಿತಾಂಶಗಳೇ. ಹೀಗೆ ಮೂವರು ಒಳ್ಳೆಯವರನ್ನ ಮಾರಿ ಕ್ಲಬ್ ಸಾಲ ತೀರಿಸಿದ್ದರೆ, ಆ ವರ್ಷ ಎರಡು ಸ್ಥಾನ ಕುಸಿದದ್ದನ್ನ ಕೋಚ್ ತಲೆಗೆ ಕಟ್ಟೋದು ಅನ್ಯಾಯ.

ದೊಡ್ಡ ಕ್ಲಬ್ ತಪ್ಪು ಕೋಚನ್ನ ತೆಗೆದರೂ, ಸರಿ ಕೋಚನ್ನ ತೆಗೆದರೂ ದುಡ್ಡು ಸುರಿದು ತೇಲುತ್ತೆ. ಸಣ್ಣ ಕ್ಲಬ್ಬಿಗೆ ಒಂದು ತಪ್ಪು ನಿರ್ಧಾರ ಅಂದರೆ ಒಂದು ದರ್ಜೆ ಕೆಳಗೆ. ಮುಂದಿನ ಸಲ ಟಿವಿ ರೂಮಿನಲ್ಲಿ "ತೆಗೀರಿ" ಅನ್ನೋಕೆ ಮುಂಚೆ ಇಷ್ಟು ಕೇಳಿ: ಆ ಹೊಲಕ್ಕೆ ಮಳೆ ಎಷ್ಟು ಬಿದ್ದಿತ್ತು?