ಕೊಳವೆ ಬಾಗುವುದೋ, ಜಜ್ಜುವುದೋ?

30 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಒತ್ತಿರಿ. ಬಿಲ್ಲಿನಂತೆ ಬಾಗಿತಲ್ಲವೇ? ಈಗ ಗೆಳೆಯನೊಬ್ಬ ಸ್ಕೇಲಿನ ನಡುಭಾಗವನ್ನು ಹಿಡಿದುಕೊಳ್ಳಲಿ. ಮತ್ತೆ ಒತ್ತಿರಿ. ಅಷ್ಟು ಸುಲಭವಾಗಿ ಬಾಗದು!

ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್ 1744ರಲ್ಲಿ ಇದರ ಲೆಕ್ಕ ಕಂಡುಹಿಡಿದರು. ಉದ್ದ ಅರ್ಧವಾದರೆ, ಬಾಗಿಸಲು ನಾಲ್ಕು ಪಟ್ಟು ಭಾರ ಬೇಕು.

ಕಟ್ಟಡದ ಸಾರುವೆಗೆ ಬಳಸುವ, 48 ಮಿ.ಮೀ. ಅಗಲ ಮತ್ತು 4 ಮಿ.ಮೀ. ದಪ್ಪದ ಉಕ್ಕಿನ ಕೊಳವೆಯನ್ನು ನೋಡೋಣ. 4 ಮೀಟರ್ ಉದ್ದವಿದ್ದರೆ ಅದು ಸುಮಾರು 1.8 ಟನ್ನಿಗೆ ಬಾಗುತ್ತದೆ. 2 ಮೀಟರಿಗೆ 7.2 ಟನ್. ಹಾಗಾದರೆ 1 ಮೀಟರಿಗೆ 28.8 ಟನ್ನೇ? ಇಲ್ಲ! ಸಾಮಾನ್ಯ ಉಕ್ಕಾದರೆ ಸುಮಾರು 13 ಟನ್ನಿಗೇ ಜಜ್ಜಲು ತೊಡಗುತ್ತದೆ. ಜಜ್ಜುವ ಭಾರಕ್ಕೆ ಉದ್ದದ ಹಂಗಿಲ್ಲ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಕೊಳವೆಯ ಮಿತಿ.

ಸಾರುವೆಗೆ ಅಡ್ಡಕೊಳವೆಗಳನ್ನು ಕಟ್ಟುವುದೇಕೆ ಎಂದು ಈಗ ನೀವೇ ಹೇಳಬಲ್ಲಿರಿ. ಆದರೆ ಈ ಲೆಕ್ಕ ನೆಟ್ಟಗಿರುವ ಕೊಳವೆಗೆ ಮಾತ್ರ. ಸೊಟ್ಟಗಿರುವುದು ಇನ್ನೂ ಬೇಗ ಸೋಲುತ್ತದೆ. 1907ರಲ್ಲಿ ಕೆನಡಾದ ಕ್ವಿಬೆಕ್ ಸೇತುವೆಯನ್ನು ಕಟ್ಟುವಾಗ, ಭಾರ ಹೊತ್ತ ಉಕ್ಕಿನ ತೊಲೆಗಳು ಬಾಗುತ್ತಿರುವುದನ್ನು ಅಳೆದು ನೋಡಿದ್ದರು. ಆದರೂ ಕೆಲಸ ನಿಲ್ಲಲಿಲ್ಲ. ಆಗಸ್ಟ್ 29ರಂದು ಸೇತುವೆ ಕುಸಿದು 75 ಕಾರ್ಮಿಕರು ಸತ್ತರು.