ಜಾಹೀರಾತು ಏಜೆನ್ಸಿ ಸಂದರ್ಶನ: ಮಾತನ್ನು ಕೆಲಸದತ್ತ ತಿರುಗಿಸಿ

ಚೆನ್ನೈ ಜಾಹೀರಾತು ಉದ್ಯಮದ ಹಳೆಯ ನೆಲೆ. ಆರ್.ಕೆ. ಸ್ವಾಮಿ ತಮ್ಮ ಹೆಸರಿನ ಏಜೆನ್ಸಿಯನ್ನು 1973ರಲ್ಲಿ ಶುರು ಮಾಡಿದ್ದು ಇಲ್ಲಿಯೇ. ಎಗ್ಮೋರಿನ ಸರ್ಕಾರಿ ಲಲಿತಕಲಾ ಕಾಲೇಜಿನ ಮೂಲ 1850ಕ್ಕೆ ಹೋಗುತ್ತದೆ. ಲೊಯೋಲಾದಂಥ ಕಾಲೇಜುಗಳಿಂದ ಪ್ರತಿವರ್ಷ ವಿಶುವಲ್ ಕಮ್ಯುನಿಕೇಷನ್ ಪದವೀಧರರು ಹೊರಬರುತ್ತಾರೆ. ಪೈಪೋಟಿ ಕಡಿಮೆಯೇನಿಲ್ಲ. ಆದರೆ ಇಲ್ಲಿನ ಶಾಂಪೂ, ಮಸಾಲೆ, ಚಿನ್ನಾಭರಣದ ಕಂಪನಿಗಳು ಕರ್ನಾಟಕದಲ್ಲೂ ವ್ಯಾಪಾರ ಮಾಡುವುದರಿಂದ ಕನ್ನಡದಲ್ಲಿ ಚೆನ್ನಾಗಿ ಬರೆಯಬಲ್ಲವರಿಗೆ ಅವಕಾಶವಿದೆ. ಹಾಗೆ ಅರ್ಜಿ ಹಾಕಿದ ಅಭ್ಯರ್ಥಿಗಳಿಂದ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ ಬಗೆಯದು: ಅರ್ಧ ಗಂಟೆ ಹರಟೆಯಂಥ ಮಾತುಕತೆ, ‘ನಿಮಗಿಷ್ಟವಾದ ಜಾಹೀರಾತು ಯಾವುದು’ ಎಂಬ ಪ್ರಶ್ನೆ, ಮನೆಗೆ ಒಯ್ದು ಮಾಡಲು ಒಂದು ದೊಡ್ಡ ಟೆಸ್ಟ್, ಆಮೇಲೆ ಉತ್ತರವೇ ಇಲ್ಲ. ಇದರಲ್ಲಿ ಅಭ್ಯರ್ಥಿಯ ಕೈಯಲ್ಲೂ ಒಂದಿಷ್ಟು ಇದೆ. ಗೊತ್ತುಗುರಿಯಿಲ್ಲದ ಮಾತನ್ನು ಕೆಲಸದ ಕಡೆಗೆ ತಿರುಗಿಸುವುದು, ಆ ಕೆಲಸಕ್ಕೆ ಬರವಣಿಗೆಯಲ್ಲಿ ಎಲ್ಲೆ ಗೊತ್ತುಮಾಡಿಕೊಳ್ಳುವುದು, ಇವೆರಡೂ ನಿಮ್ಮಿಂದಲೇ ಆಗಬೇಕು.

ಹೀಗೆ ಹೇಳಲು ಆಧಾರವಿದೆ. ನೇಮಕಾತಿಯ ವಿಧಾನಗಳಲ್ಲಿ ಯಾವುದು ಮುಂದಿನ ಕೆಲಸದ ಗುಣಮಟ್ಟವನ್ನು ಸರಿಯಾಗಿ ಊಹಿಸುತ್ತದೆ ಎಂದು ಮನೋವಿಜ್ಞಾನಿಗಳು ದಶಕಗಳಿಂದ ಅಳೆಯುತ್ತ ಬಂದಿದ್ದಾರೆ. ಪಾಲ್ ಸ್ಯಾಕೆಟ್ ಮತ್ತು ಸಹಲೇಖಕರು 2022ರಲ್ಲಿ ಪ್ರಕಟಿಸಿದ ಮರುಲೆಕ್ಕದಲ್ಲಿ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನಕ್ಕೆ 0.42, ಕೆಲಸದ ಮಾದರಿ ಮಾಡಿಸುವ ಪರೀಕ್ಷೆಗೆ 0.33, ಹರಟೆಯಂಥ ಸಂದರ್ಶನಕ್ಕೆ ಬರೀ 0.19 ಸಿಕ್ಕಿದೆ. ಈ ಅಳತೆಯಲ್ಲಿ 1 ಎಂದರೆ ತಪ್ಪದ ಊಹೆ, ಸೊನ್ನೆ ಎಂದರೆ ಕುರುಡು ಊಹೆ. ಸೃಜನಶೀಲ ಕೆಲಸಕ್ಕೆ ಇಂಥ ಲೆಕ್ಕ ಒಗ್ಗುವುದಿಲ್ಲ, ಮನುಷ್ಯನನ್ನು ಮಾತಾಡಿಸಿದರೆ ಸಾಕು, ಪ್ರತಿಭೆ ಗೊತ್ತಾಗುತ್ತದೆ ಎಂದು ಹಿರಿಯರು ಹೇಳಬಹುದು. ಜೊತೆಗಾರಿಕೆ ಮುಖ್ಯವಾದ ಉದ್ಯೋಗದಲ್ಲಿ ಸ್ವಭಾವವನ್ನು ನೋಡುವುದು ನ್ಯಾಯವೇ. ಆದರೆ ಇಂಗ್ಲಿಷಿನಲ್ಲಿ ಸರಾಗವಾಗಿ ಮಾತಾಡುವವರು, ಒಂದೇ ಕಾಲೇಜಿನವರು, ಒಂದೇ ಸಿನಿಮಾ ಮೆಚ್ಚುವವರು ಇಂಥ ಮಾತುಕತೆಯಲ್ಲಿ ಸುಲಭವಾಗಿ ಮುಂದೆ ಹೋಗುತ್ತಾರೆ. ಶಿವಮೊಗ್ಗದಿಂದಲೋ ಕಲಬುರಗಿಯಿಂದಲೋ ಬಂದ ಒಳ್ಳೆಯ ಬರಹಗಾರ್ತಿ ಹಿಂದೆ ಉಳಿಯುವುದು ಇಲ್ಲಿಯೇ.

ಹಾಗಾಗಿ ಸಿದ್ಧತೆ ಪೋರ್ಟ್‌ಫೋಲಿಯೊದಿಂದ ಶುರುವಾಗಲಿ. ಇಪ್ಪತ್ತು ತುಣುಕುಗಳಿಗಿಂತ ನಾಲ್ಕೈದು ಸಾಕು. ಪ್ರತಿಯೊಂದರ ಪಕ್ಕದಲ್ಲಿ ಬ್ರೀಫ್ ಏನಿತ್ತು, ಯಾರಿಗಾಗಿ ಬರೆದದ್ದು, ಮೊದಲ ಕರಡಿನಲ್ಲಿ ಏನು ಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ನಾಲ್ಕು ಸಾಲು ಬರೆಯಿರಿ. ತಂಡದಲ್ಲಿ ಮಾಡಿದ್ದಾದರೆ ನಿಮ್ಮ ಪಾಲು ಎಷ್ಟೆಂದು ಮುಚ್ಚುಮರೆಯಿಲ್ಲದೆ ಹೇಳಿ. ಕನ್ನಡದ ಹುದ್ದೆಗಾದರೆ ಕನ್ನಡದಲ್ಲೇ ಹುಟ್ಟಿದ ಒಂದು ರೇಡಿಯೊ ಜಾಹೀರಾತನ್ನಾದರೂ ಇಟ್ಟಿರಿ. ತಮಿಳು ಅಥವಾ ಇಂಗ್ಲಿಷ್ ಜಾಹೀರಾತನ್ನು ಪದಕ್ಕೆ ಪದ ಇಟ್ಟು ಕನ್ನಡಿಸಿದ್ದು ಹೇಗಿರುತ್ತದೆಂದು ಟಿವಿ ನೋಡುವ ಎಲ್ಲರಿಗೂ ಗೊತ್ತು. ಆ ಕೊರತೆ ತುಂಬಬಲ್ಲೆ ಎಂದು ತೋರಿಸುವುದೇ ನಿಮ್ಮ ಬಲ. ತಮಿಳು ಬಾರದಿದ್ದರೆ ಅಂಜಬೇಡಿ, ಕಲಿಯುತ್ತೇನೆ ಎನ್ನಿ, ಕಲಿಯಿರಿ ಕೂಡ. ಸಂದರ್ಶನ ಹರಟೆಯತ್ತ ಜಾರಿದಾಗ, ‘ಇದಕ್ಕೆ ಹತ್ತಿರದ ಒಂದು ಕೆಲಸ ತೋರಿಸಲೇ’ ಎಂದು ಕೇಳಿ ಪುಟ ತೆರೆಯಿರಿ. ಹುದ್ದೆಯಲ್ಲಿ ಮೊದಲ ಆರು ತಿಂಗಳು ಏನು ಮಾಡಿದರೆ ಚೆನ್ನಾಗಿ ಮಾಡಿದಂತೆ ಎಂದೂ ಕೇಳಿ. ಉತ್ತರ ತಡವರಿಸಿದರೆ ಆ ಕಚೇರಿಯ ಬಗ್ಗೆ ಬೇಕಾದಷ್ಟು ತಿಳಿಯುತ್ತದೆ.

ಇನ್ನು ಟೆಸ್ಟ್. ಇದನ್ನು ಪೂರ್ತಿ ವಿರೋಧಿಸುವುದು ಸರಿಯಲ್ಲ. ಹೆಸರಿಲ್ಲದ ಕಾಲೇಜಿನಿಂದ ಬಂದವರಿಗೆ ಮಾತಿಗಿಂತ ಟೆಸ್ಟ್ ಹೆಚ್ಚು ನ್ಯಾಯ ಕೊಡುತ್ತದೆ. ತಕರಾರು ಇರುವುದು ಅದರ ಗಾತ್ರ ಮತ್ತು ಉದ್ದೇಶದ ಬಗ್ಗೆ. ಕಾಲ್ಪನಿಕ ಉತ್ಪನ್ನಕ್ಕೆ ಎರಡು ಮೂರು ಗಂಟೆಯ ಕೆಲಸ ಕೇಳಿದರೆ ಮಾಡಿ. ನಿಜವಾದ ಗ್ರಾಹಕ ಕಂಪನಿಗೆ ಇಡೀ ತಿಂಗಳ ಸೋಷಿಯಲ್ ಮೀಡಿಯಾ ಕ್ಯಾಲೆಂಡರ್ ಅಥವಾ ಪೂರ್ತಿ ಪಿಚ್ ಕೇಳಿದರೆ ಅದು ಪರೀಕ್ಷೆಯಾಗಿ ಉಳಿಯುವುದಿಲ್ಲ, ಸಂಬಳವಿಲ್ಲದ ದುಡಿಮೆಯಾಗುತ್ತದೆ. ಕಾನೂನು ಇಲ್ಲಿ ಅರ್ಧ ನಿಮ್ಮ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಬರೆದವರೇ ಸಾಮಾನ್ಯವಾಗಿ ಮೊದಲ ಹಕ್ಕುದಾರರು. ಉದ್ಯೋಗದ ಭಾಗವಾಗಿ ಮಾಡಿದ್ದು ಉದ್ಯೋಗದಾತರಿಗೆ ಸೇರುತ್ತದೆ, ಆದರೆ ಅಭ್ಯರ್ಥಿ ಇನ್ನೂ ಉದ್ಯೋಗಿಯಲ್ಲ. ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಇರಬೇಕೆಂದು 19ನೇ ಕಲಂ ಹೇಳುತ್ತದೆ. ಆದ್ದರಿಂದ ಟೆಸ್ಟಿನ ಜೊತೆ ಬರುವ ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ. ಉಳಿದರ್ಧದಲ್ಲಿ ಎಚ್ಚರ ಬೇಕು: ಕಾಯ್ದೆ ಕಾಪಾಡುವುದು ಬರೆದ ರೂಪವನ್ನು, ಬರೀ ಐಡಿಯಾವನ್ನಲ್ಲ. ಆರ್.ಜಿ. ಆನಂದ್ ವಿರುದ್ಧ ಡಿಲಕ್ಸ್ ಫಿಲಂಸ್ ಪ್ರಕರಣದಲ್ಲಿ 1978ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ನಿಮ್ಮ ಕಲ್ಪನೆಯನ್ನು ಬೇರೆ ಮಾತಿನಲ್ಲಿ ಬಳಸಿಕೊಂಡರೆ ತಡೆಯುವುದು ಕಷ್ಟ.

ಹಾಗಾಗಿ ಒಪ್ಪುವ ಮೊದಲೇ ಒಂದು ಇ-ಮೇಲ್ ಕಳಿಸಿ. ಟೆಸ್ಟಿಗೆ ಎಷ್ಟು ಗಂಟೆ ನಿರೀಕ್ಷೆ, ಯಾರು ನೋಡುತ್ತಾರೆ, ಗ್ರಾಹಕರಿಗೆ ತೋರಿಸುತ್ತಾರೆಯೇ, ಬಳಸಿದರೆ ಎಷ್ಟು ಹಣ, ತೀರ್ಮಾನ ಯಾವ ದಿನ, ಇಷ್ಟನ್ನು ಸೌಜನ್ಯದಿಂದ ಕೇಳಿ. ಕೆಲಸವಿಲ್ಲದೆ ಬಾಡಿಗೆ ಕಟ್ಟುತ್ತಿರುವ ಹೊಸಬರು ಹೀಗೆಲ್ಲ ಕೇಳಿದರೆ ಅವಕಾಶವೇ ತಪ್ಪುವುದಿಲ್ಲವೇ? ಕೆಲವು ಕಡೆ ತಪ್ಪಬಹುದು, ಅದನ್ನು ಅಲ್ಲಗಳೆಯಲಾಗದು. ಅಂಥವರು ಹಣದ ಪ್ರಶ್ನೆಯನ್ನು ಬಿಟ್ಟು, ಸಮಯ ಮತ್ತು ಬಳಕೆಯ ಬಗ್ಗೆಯಾದರೂ ಕೇಳಲಿ. ಪೂರ್ತಿ ಕಡತದ ಬದಲು ಮೂರು ಐಡಿಯಾ ಇದ್ದರೆ ಒಂದನ್ನು ಮಾತ್ರ ಬಿಡಿಸಿ, ಉಳಿದೆರಡನ್ನು ಒಂದೊಂದು ಸಾಲಿನಲ್ಲಿ ಹೇಳಲಿ. ಪಿಡಿಎಫ್‌ನ ಪ್ರತಿ ಪುಟದಲ್ಲೂ ಹೆಸರು, ದಿನಾಂಕ ಇರಲಿ. ಸಂದರ್ಶನಕ್ಕೆ, ‘ತರಬೇತಿ’ಗೆ ಎಂದು ನಿಮ್ಮಿಂದಲೇ ದುಡ್ಡು ಕೇಳುವ ಕಡೆಯಿಂದ ಮಾತ್ರ ಆಗಲೇ ಎದ್ದು ಬನ್ನಿ.

ಹೇಳಿದ ದಿನ ದಾಟಿದ ಮೇಲೆ ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ. ಆಗಲೂ ಉತ್ತರ ಬಾರದಿದ್ದರೆ, ಗೌಪ್ಯತೆಗೆ ಒಪ್ಪಿಕೊಂಡಿಲ್ಲವೆಂದು ಖಚಿತಪಡಿಸಿಕೊಂಡು, ಕಂಪನಿಯ ಹೆಸರು ತೆಗೆದು ಆ ಟೆಸ್ಟನ್ನು ನಿಮ್ಮ ಪೋರ್ಟ್‌ಫೋಲಿಯೊಗೆ ಸೇರಿಸಿಕೊಳ್ಳಿ.